ಲಿನೋ ಅಚ್ಚಿನಲ್ಲಿ ಕಪ್ಪು ಮುಖ: ಎಲ್ಲಿ ಕೆತ್ತಬೇಕು, ಎಲ್ಲಿ ಬಿಡಬೇಕು?

ಪ್ರಶ್ನೆ
ಮಂಗಳೂರು ಧಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ಮೀನು ಮಾರುವ ಹೆಂಗಸರ ಆರು ಮುಖಗಳನ್ನು ಲಿನೋದಲ್ಲಿ (ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪಾಗಿ ಮೂಡುವ ಮೆತ್ತನೆ ಹಾಳೆಯಲ್ಲಿ) ಅಚ್ಚು ಹಾಕಿ ಅಲ್ಲೇ ತೂಗುಹಾಕುವ ಯೋಜನೆಯಿದೆ. ಕಣ್ಣಮುಂದಿರುವುದು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ 1952ರಲ್ಲಿ ಕೆತ್ತಿದ ಚಿತ್ರ: ಅಮೆರಿಕದ ಪಾಲು ಬೇಸಾಯದ ಕಪ್ಪು ಹೆಂಗಸು. ಆದರೆ ನಮ್ಮ ಅಚ್ಚಿನಲ್ಲಿ ಮುಖಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಕೆತ್ತದೆ ಬಿಟ್ಟರೆ ಬರೀ ಕಪ್ಪು ಮುದ್ದೆ. ಬ್ಲಾಕ್ 20×30 ಸೆಂ.ಮೀ., ಎಣ್ಣೆ ಶಾಯಿ, ಪ್ರೆಸ್ ಇಲ್ಲ. ಐದು ದಿನವಾದರೂ ಶಾಯಿ ಕೈಗಂಟುತ್ತದೆ.

ಉತ್ತರ 1
ಗೆರೆ ಉಳಿಸಿ ಚರ್ಮವನ್ನು ತೋಡಿ ತೆಗೆಯುತ್ತಿದ್ದೀರಿ, ತಪ್ಪಾಗುವುದು ಅಲ್ಲೇ. ಆ ಮೈಬಣ್ಣಕ್ಕೆ ಗೌರವ ಕೊಡುವುದೆಂದರೆ ಶಾಯಿಯನ್ನೇ ಚರ್ಮವಾಗಿ ಉಳಿಸುವುದು. ಲಿನೋಗೆ ಮೊದಲು ತೆಳುವಾಗಿ ಕಪ್ಪು ಇಂಡಿಯನ್ ಇಂಕ್ ಬಳಿದು ಒಣಗಿಸಿ. ಬಿಳಿ ಪೆನ್ಸಿಲಿನಲ್ಲಿ ಬೆಳಕನ್ನು ಮಾತ್ರ ಬರೆಯಿರಿ. ಬಿಳಿ ಕಂಡಲ್ಲಷ್ಟೇ ಉಳಿ ಇಳಿಯಲಿ. ಬೆಳಕು ಒಂದೇ ಕಡೆಯಿಂದ ಬೀಳಬೇಕು. ಕೆನ್ನೆಯ ಎಲುಬು, ಮೂಗಿನ ದಂಡೆ, ಕೆಳತುಟಿ, ಕುತ್ತಿಗೆಯ ನರ, ಇಷ್ಟಕ್ಕೆ 1 ಮಿ.ಮೀ. ವಿ-ಉಳಿಯ ಗೆರೆಗಳು ಸಾಕು. ಗೆರೆ ಕೆನ್ನೆಯ ಉಬ್ಬನ್ನು ಅನುಸರಿಸಿ ಬಾಗಬೇಕು, ನೇರ ಹೋದರೆ ಮುಖ ಹಲಗೆಯಾಗುತ್ತದೆ. ಕಣ್ಣಿನ ಬಿಳಿಯನ್ನು ಪೂರ್ತಿ ತೋಡಬೇಡಿ, ಹೆದರಿದ ಕಣ್ಣಿನಂತೆ ಕಾಣುತ್ತದೆ. ಕ್ಯಾಟ್ಲೆಟ್ ಚಿತ್ರದಲ್ಲಿ ಬಡತನ ಹೇಳುವುದು ಮುಖವಲ್ಲ, ಕೋಟನ್ನು ಹಿಡಿದಿಟ್ಟ ಒಂದು ಸೇಫ್ಟಿ ಪಿನ್ನು. ಮುಖ ತಲೆಯೆತ್ತಿಯೇ ಇದೆ.

ಉತ್ತರ 2
ಎಣ್ಣೆ ಶಾಯಿ ಒಣಗುವುದು ಗಾಳಿಯ ಆಮ್ಲಜನಕದಿಂದ. ಆಟಿ ತಿಂಗಳ (ತುಳುನಾಡಿನ ಮಳೆಗಾಲದ) ಮಳೆಯಲ್ಲಿ ಕಾಗದವೇ ತೇವ ಕುಡಿದಿರುತ್ತದೆ, ಹಾಗಾಗಿ ಐದು ದಿನ ಹೆಚ್ಚೇನಲ್ಲ. ಅಚ್ಚುಗಳನ್ನು ಒಂದರ ಮೇಲೊಂದು ಇಡದೆ ಹಗ್ಗಕ್ಕೆ ಕ್ಲಿಪ್ ಹಾಕಿ, ಫ್ಯಾನ್ ಬಿಡಿ. 10 ಗ್ರಾಂ ಶಾಯಿಗೆ ಬೇಗ ಒಣಗಿಸುವ ಕೋಬಾಲ್ಟ್ ಡ್ರೈಯರ್ ಒಂದೇ ಹನಿ. ಜಾಸ್ತಿಯಾದರೆ ಶಾಯಿ ಹರಡುವ ಗಾಜಿನ ಮೇಲೇ ಕೆನೆ ಕಟ್ಟುತ್ತದೆ. ಶಾಯಿ ದಪ್ಪವಾಯಿತೋ ಇಲ್ಲವೋ ಎಂದು ಕಿವಿಗೊಟ್ಟು ತಿಳಿಯಿರಿ: ರೋಲರ್ ಸಣ್ಣಗೆ ಸರ್‍ರ್ ಎಂದರೆ ಸರಿ, ಪಚಪಚ ಎಂದರೆ ಕೆನ್ನೆಯ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಹೊಸ ಲಿನೋ ಶಾಯಿ ಹೀರುವುದರಿಂದ ಮೊದಲ ಎರಡು ಮೂರು ಅಚ್ಚು ಪೇಲವ, ಲೆಕ್ಕಕ್ಕಿಲ್ಲ. ಪ್ರೆಸ್ ಬದಲು ಕಾಗದದ ಬೆನ್ನನ್ನು ಉಜ್ಜಲು ಸ್ಟೀಲ್ ಸೌಟಿನ ಬೆನ್ನು ಸಾಕು. ದಪ್ಪ ಕಾಗದ ಬೇಡ, ಮುಖದ ದೊಡ್ಡ ಕಪ್ಪಿನಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ.

ಉತ್ತರ 3
ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಹೆಸರು ಕೆತ್ತುವುದಿದ್ದರೆ ಬಟರ್ ಪೇಪರಿನಲ್ಲಿ ಬರೆದು ಮಗುಚಿ ಇಳಿಸಿ. ಅಕ್ಷರ 15 ಮಿ.ಮೀ.ಗಿಂತ ಕಿರಿದಾಗುವುದು ಬೇಡ. ‘ಧಕ್ಕೆ’ಯ ಧಕಾರದ ಕೆಳಗಿನ ಸೀಳನ್ನು ಬೇಕೆಂದೇ ಅಗಲ ಮಾಡಿ, ಶಾಯಿ ತುಂಬಿದರೆ ಅದು ‘ದಕ್ಕೆ’. ಮತ್ತೆ, ತೂಗುಹಾಕುವ ಮೊದಲು ಆಯಾ ಹೆಂಗಸಿಗೆ ಪ್ರೂಫ್ (ಪರೀಕ್ಷೆಯ ಅಚ್ಚು) ತೋರಿಸಿ. ತನ್ನ ಮೂಗುತಿ ಎಡಕ್ಕಿತ್ತು, ಬಲಕ್ಕೆ ಹೋಗಿದೆ ಎಂದು ಮೊದಲು ಹೇಳುವವಳು ಅವಳೇ.