ಸಹಾಯ ಬೇಕು: ಶಾಲೆಯ ಹಳೇ ಉರ್ದು ದಾಖಲೆ ಓದಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆ ಯಾವಾಗ ಶುರುವಾಯ್ತು, ಕಟ್ಟಡ ಯಾರು ಕಟ್ಟಿದರು ಅಂತ ಬರೆದಿಡುತ್ತಿದ್ದೇನೆ. 1948ರ ಸೆಪ್ಟೆಂಬರ್‌ವರೆಗೆ ನಾವು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದೆವು, ಅಲ್ವಾ? ಆಗ ಆಡಳಿತ ಭಾಷೆ ಉರ್ದು. ಹಾಗಾಗಿ ದಾಖಲಾತಿ ಪುಸ್ತಕದ ಮೊದಲ ಪುಟಗಳೆಲ್ಲ ಉರ್ದುವಿನಲ್ಲೇ ಇವೆ. ಹಾಳೆ ಮುಟ್ಟಿದರೆ ಪುಡಿಯಾಗುತ್ತೆ. ಅದಕ್ಕೇ ಫೋಟೊ ತೆಗೆದಿಟ್ಟಿದ್ದೇನೆ. ಕೈಬರಹದ ಉರ್ದು ಓದಬಲ್ಲ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಮನೆಗೇ ಬರುತ್ತೇನೆ.

ಊರವರೇ ಕಲ್ಲು ಹೊತ್ತು ಗೋಡೆ ಎಬ್ಬಿಸಿದರು ಅಂತ ನಮ್ಮಜ್ಜ ಹೇಳುತ್ತಿದ್ದರು. ಆ ಹೆಸರುಗಳು ಸುಮ್ನೆ ಅಳಿಸಿ ಹೋಗಬಾರದು.

ಇನ್ನೊಂದು ಮಾತು. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕೂ ಮೊದಲು ನಾವು ರಾಯಚೂರು ಜಿಲ್ಲೆ. ರಾಯಚೂರಿನಲ್ಲಿ ಶಾಲೆಗಳ ಹಳೇ ಕಡತ ಹುಡುಕಿದವರಿದ್ದರೆ, ಯಾವ ಕಚೇರಿಯಲ್ಲಿ ಕೇಳಬೇಕು ಹೇಳಿ.