‘ಬಾರ್ ಅಂಡ್ ಗ್ರಿಲ್’ಗೆ ಕನ್ನಡದಲ್ಲಿ ಏನನ್ನಬೇಕು? ಜೊತೆಗೆ ಸಲೂನ್, ಬ್ಲಾಕ್, ಡೌನ್‌ಟೌನ್

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಹಿನ್ನೆಲೆ ಸ್ವಲ್ಪ ಉದ್ದ ಇದೆ, ಓದಿ.

ಹೋದ ಬೇಸಿಗೆಯಲ್ಲಿ ಅಪ್ಪ ತೀರ್ಥಹಳ್ಳಿಯಿಂದ ನಮ್ಮಲ್ಲಿಗೆ, ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಬಂದಿದ್ದರು. ಒಂದು ಶುಕ್ರವಾರ ಸಂಜೆ ಅವರನ್ನು ಗ್ಯಾಸ್‌ಲ್ಯಾಂಪ್ ಕ್ವಾರ್ಟರ್‌ಗೆ ಕರೆದುಕೊಂಡು ಹೋದೆವು. ಈ ಊರಿನ ಹಳೆಯ ಕಟ್ಟಡಗಳೆಲ್ಲ ಜಾಸ್ತಿ ಉಳಿದಿರುವುದು ಅಲ್ಲಿ. ಐದನೇ ಅವೆನ್ಯೂ ಉದ್ದಕ್ಕೂ ಉಣ್ಣುವ, ಕುಡಿಯುವ, ಹಾಡು ಕೇಳುವ ಜಾಗಗಳೇ. ನೂರು ವರ್ಷ ದಾಟಿದ ಇಟ್ಟಿಗೆ ಕಟ್ಟಡವೊಂದರ ಮುಂದೆ, ಫುಟ್‌ಪಾತಿನ ಮೇಲೆ ಹಾಕಿದ್ದ ಮೇಜಿಗೆ ಕೂತು ಉಂಡೆವು. ಅಪ್ಪನಿಗೆ ಕಾಳಿನ ಬರ್ಗರ್, ಮಗಳಿಗೆ ಚೀಸ್ ಹಾಕಿದ ಮ್ಯಾಕರೋನಿ, ನಮಗಿಬ್ಬರಿಗೆ ಫಿಶ್ ಟಾಕೊ. ಪಕ್ಕದ ಮೇಜಿನಲ್ಲಿ ಅಜ್ಜ ಅಜ್ಜಿ ಬಿಯರ್ ಮುಂದಿಟ್ಟುಕೊಂಡು ಮೊಮ್ಮಗುವಿಗೆ ಆಲೂಗಡ್ಡೆ ಫ್ರೈ ತಿನ್ನಿಸುತ್ತಿದ್ದರು. ಒಳಗೆ ಯಾರೋ ಗಿಟಾರ್ ನುಡಿಸುತ್ತಿದ್ದರು. ಅಪ್ಪನಿಗೆ ಆ ಸಂಜೆ ತುಂಬ ಹಿಡಿಸಿತು.

ಊರಿಗೆ ಹೋದ ಮೇಲೆ ಕಷ್ಟ ಶುರುವಾಯಿತು. ಸಂಜೆ ಕಟ್ಟೆಯಲ್ಲಿ ಕೂರುವ ಗೆಳೆಯರಿಗೆ ಇದನ್ನು ಹೇಳಬೇಕಲ್ಲ? ಆ ಜಾಗದ ಬೋರ್ಡಿನಲ್ಲಿ ಇದ್ದದ್ದು ‘ಬಾರ್ ಅಂಡ್ ಗ್ರಿಲ್’. ‘ಬಾರ್‌ಗೆ ಹೋಗಿದ್ದೆ’ ಅಂದರೆ, ಜೀವನದಲ್ಲಿ ಒಂದು ತೊಟ್ಟೂ ಮುಟ್ಟದ ಮನುಷ್ಯ ಮೊಮ್ಮಗಳ ಕೈ ಹಿಡಿದುಕೊಂಡು ಕುಡಿಯಲು ಹೋದ ಹಾಗಾಗುತ್ತದೆ. ‘ಹೋಟೆಲಿಗೆ ಹೋಗಿದ್ದೆ’ ಅಂದರೆ ಆ ಬೆಳಕು, ಗದ್ದಲ, ಹಾಡು ಯಾವುದೂ ಬರುವುದಿಲ್ಲ. ಕೊನೆಗೆ ‘ಹೋಟೆಲ್’ ಅಂತಲೇ ಹೇಳಿದರಂತೆ. ಫೋನಿನಲ್ಲಿ ನನ್ನ ಹತ್ತಿರ, ‘ಅರ್ಧ ಸುಳ್ಳು ಹೇಳಿದ ಹಾಗಾಯ್ತು ಮಾರಾಯ. ನೀನೇ ಸರಿಯಾಗಿ ಬರೆದು ಕಳಿಸು, ಓದಿ ಹೇಳ್ತೀನಿ’ ಅಂದರು. ಬರೆಯಲು ಕೂತೆ. ನಾನೂ ಅದೇ ಪದದ ಹತ್ತಿರ ನಿಂತುಬಿಟ್ಟೆ.

‘ಬಾರ್ ಅಂಡ್ ರೆಸ್ಟೋರೆಂಟ್’ ಅಂತ ನಮ್ಮಲ್ಲೇ ಇದೆಯಲ್ಲ, ಅದನ್ನೇ ಬರಿ ಅಂತ ಒಬ್ಬ ಗೆಳೆಯ ಹೇಳಿದ. ಆಗುವುದಿಲ್ಲ. ನಮ್ಮ ಊರುಗಳ ಬಾರ್ ಅಂಡ್ ರೆಸ್ಟೋರೆಂಟ್ ಅಂದರೆ ಗಾಜಿಗೆ ಬಣ್ಣ ಬಳಿದ ಬಾಗಿಲು, ಮಬ್ಬು ಬೆಳಕು, ಗಂಡಸರೇ ಇರುವ ಕೋಣೆ. ಅಲ್ಲಿ ‘ರೆಸ್ಟೋರೆಂಟ್’ ಅನ್ನುವ ಪದ ‘ಬಾರ್’ಗೆ ಹೊದಿಸಿದ ಶಾಲು. ಇಲ್ಲಿಯ ‘ಗ್ರಿಲ್’ ಹಾಗಲ್ಲ. ಅರ್ಧಕ್ಕರ್ಧ ಜನ ಬರುವುದೇ ಊಟಕ್ಕೆ.

ಒಂದು ವಿಷಯ ಹುಡುಕುವಾಗ ಸಿಕ್ಕಿತು. ಕ್ಯಾಲಿಫೋರ್ನಿಯಾದ ಕಾನೂನೂ ಈ ಎರಡನ್ನು ಬೇರೆ ಮಾಡುತ್ತದೆ, ಆದರೆ ಪದದಿಂದಲ್ಲ, ಅಂಕಿಯಿಂದ. 47ನೇ ಬಗೆಯ ಲೈಸೆನ್ಸ್ ಇದ್ದರೆ ಅದು ನಿಜವಾಗಿ ಅಡುಗೆ ಮಾಡಿ ಬಡಿಸುವ ಊಟದ ಜಾಗ. ಮದ್ಯವೂ ಸಿಗುತ್ತದೆ, ಮಕ್ಕಳೂ ಕೂರಬಹುದು. 48ನೇ ಬಗೆ ಅಂದರೆ ಕುಡಿಯಲೆಂದೇ ಇರುವ ಜಾಗ. 21 ತುಂಬದವರು ಒಳಗೆ ಕಾಲಿಡುವಂತಿಲ್ಲ. ಎರಡರ ಬೋರ್ಡಿನಲ್ಲೂ ‘ಬಾರ್’ ಅಂತ ಇರಬಹುದು. ನಮ್ಮ ಕರ್ನಾಟಕದ ಅಬಕಾರಿ ನಿಯಮಗಳಲ್ಲಿ ಬಾರ್ ಅಂದರೆ ಸಿಎಲ್-9 ಲೈಸೆನ್ಸ್. ಅಲ್ಲಿ ಅದರ ಹೆಸರು ‘ರಿಫ್ರೆಶ್‌ಮೆಂಟ್ ರೂಮ್’. ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ ಅಲ್ವಾ. ಜನ ‘ಬಾರ್’ ಅಂತಲೇ ಅಂದರು.

ಹಾಗಾದರೆ ನಮ್ಮದೇ ಹಳೆಯ ಪದಗಳು? ಹೆಂಡದಂಗಡಿ, ಕಳ್ಳಿನಂಗಡಿ, ಸಾರಾಯಿ ಅಂಗಡಿ, ಪಡಖಾನೆ, ಕರಾವಳಿಯ ಗಡಂಗು. 2007ರಲ್ಲಿ ಸಾರಾಯಿ ನಿಂತ ಮೇಲೆ ಸಾರಾಯಿ ಅಂಗಡಿ ಅನ್ನುವ ಮಾತು ನೆನಪಿಗೆ ಸರಿಯಿತು. ಆಮೇಲೆ ವೈನ್ ಶಾಪ್ ಬಂತು, ಎಂಆರ್‌ಪಿ ಬಂತು. ಬೆಲೆಯನ್ನು ಹೇಳುವ ಮೂರು ಅಕ್ಷರ ಒಂದು ಅಂಗಡಿಯ ಹೆಸರಾಯಿತು! ಇವೆಲ್ಲವನ್ನೂ ಸಾಲಾಗಿ ಬರೆದುಕೊಂಡು ನೋಡಿದೆ. ಒಂದೊಂದೂ ಕುಡಿಯುವ ವಸ್ತುವನ್ನೋ ಮಾರುವ ಜಾಗವನ್ನೋ ಹೇಳುತ್ತದೆ. ಕೂತು ಉಣ್ಣುವುದು ಯಾವುದರಲ್ಲೂ ಇಲ್ಲ. ಎರಡೂ ಇರುವ ಮಾತು ಅಂದರೆ ‘ಗುಂಡು ತುಂಡು’. ಅದನ್ನು ಹೇಳುವಾಗ ಕಣ್ಣು ಮಿಟುಕಿಸಿದ ಹಾಗೆ ಆಗುತ್ತದೆ. ಮಗಳ ಊಟದ ಕಥೆಯಲ್ಲಿ ಅದಕ್ಕೆ ಜಾಗವಿಲ್ಲ. ‘ಪಾನಗೃಹ’ ಪಠ್ಯಪುಸ್ತಕದ್ದು. ಕಟ್ಟೆಯಲ್ಲಿ ಓದಿದರೆ ಯಾರೂ ಒಪ್ಪುವುದಿಲ್ಲ.

ಇನ್ನು ಸಲೂನ್. ಇದರ ಬಗ್ಗೆ ನನಗೆ ಹೇಳಬೇಕಾದದ್ದು ಜಾಸ್ತಿ ಇದೆ.

ಗ್ಯಾಸ್‌ಲ್ಯಾಂಪ್ ಕ್ವಾರ್ಟರಿನ ಹಳೆ ಕಟ್ಟಡಗಳ ಚರಿತ್ರೆ ಹೇಳುವ ಫಲಕಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಕೆಳಗೆ ಸಲೂನ್ ಇತ್ತು, ಮೇಲೆ ಕೋಣೆಗಳಿದ್ದವು ಅಂತ. ಅಪ್ಪ ಓದಿ, ‘ಇಷ್ಟು ದೊಡ್ಡ ಕಟಿಂಗ್ ಶಾಪಾ?’ ಅಂತ ಕೇಳಿದರು. ಸರಿಯಾದ ಪ್ರಶ್ನೆ. ನಮಗೆ ಸಲೂನ್ ಅಂದರೆ ಕೂದಲು ಕತ್ತರಿಸುವ ಜಾಗವೇ. ಫ್ರೆಂಚಿನಲ್ಲಿ ಅದು ಮನೆಯ ದೊಡ್ಡ ಹಜಾರ. ಇಂಗ್ಲಿಷಿಗೆ ಬಂದು ಹಡಗಿನ ಹಜಾರವಾಯಿತು, ರೈಲಿನ ಸಾಹೇಬರ ಬೋಗಿಯಾಯಿತು, ಕ್ಷೌರದ ಅಂಗಡಿಯಾಯಿತು. ನಮಗೆ ಬ್ರಿಟಿಷರ ಕಡೆಯಿಂದ ಬಂದದ್ದು ಈ ಕೊನೆಯದು. ಅಮೆರಿಕದಲ್ಲಿ ಅದೇ ಹಜಾರ ಕುಡಿಯುವ ಜಾಗವಾಯಿತು. ಕುಡಿತದ ವಿರುದ್ಧ ಹೋರಾಡಿದ ಸಂಘದ ಹೆಸರೇ ಆಂಟಿ ಸಲೂನ್ ಲೀಗ್. ಅದು ಹುಟ್ಟಿದ್ದು 1893ರಲ್ಲಿ. 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧ. ನಿಷೇಧ ಹೋದ ಮೇಲೆ ಕುಡಿಯುವ ಜಾಗಗಳು ತಿರುಗಿ ಬಂದವು. ಆದರೆ ‘ಸಲೂನ್’ ಅನ್ನುವ ಹೆಸರಿಗೆ ಅಷ್ಟು ಕೆಟ್ಟ ವಾಸನೆ ಅಂಟಿತ್ತು. ಹಾಗಾಗಿ ಜನ ಟ್ಯಾವರ್ನ್, ಲೌಂಜ್, ಬಾರ್ ಅಂತ ಬೇರೆ ಬೇರೆ ಹೆಸರು ಇಟ್ಟುಕೊಂಡರು. ಸಾರಾಯಿ ಅಂಗಡಿ ಹೋಗಿ ಎಂಆರ್‌ಪಿ ಬಂದ ಹಾಗೆ.

ಆದ್ದರಿಂದ ಆ ಕಾಲದ ಸಲೂನನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬರೆಯಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಓದುಗನ ಕಣ್ಣ ಮುಂದೆ ಕತ್ತರಿ, ಕನ್ನಡಿ ಬರುತ್ತದೆ. ಅಲ್ಲಿಗೆ ‘ಪಡಖಾನೆ’ ಸರಿಯಾಗಿ ಕೂರುತ್ತದೆ. ಒರಟು, ಜಗಳ, ಜೂಜು ಎಲ್ಲ ಆ ಪದದಲ್ಲಿ ಇದೆ. 1880ರ ದಶಕದಲ್ಲಿ, ಕೌಬಾಯ್ ಕಥೆಗಳಲ್ಲಿ ಬರುವ ಹೆಸರಾಂತ ಪೊಲೀಸ್ ಅಧಿಕಾರಿ ವಯಟ್ ಅರ್ಪ್ ಈ ಬೀದಿಗಳಲ್ಲಿ ಜೂಜಿನ ಮನೆಗಳನ್ನು ನಡೆಸುತ್ತಿದ್ದ. ಆಗ ಇಲ್ಲಿದ್ದ ಪಡಖಾನೆ, ಸೂಳೆಗೇರಿಗಳ ಭಾಗಕ್ಕೆ ಸ್ಟಿಂಗರೀ ಅಂತ ಹೆಸರು. ಕೊಲ್ಲಿಯಲ್ಲಿ ಸಿಗುವ, ಬಾಲದಲ್ಲಿ ಮುಳ್ಳಿರುವ ಮೀನಿನ ಹೆಸರು ಅದು. ನಮ್ಮ ಕರಾವಳಿಯವರು ‘ತೊರಕೆ’ ಅನ್ನುತ್ತಾರಲ್ಲ, ಅದೇ. ಕಾಲಿಟ್ಟರೆ ಚುಚ್ಚುತ್ತದೆ ಅಂತ. 1912ರಲ್ಲಿ ಪೊಲೀಸರು ದಾಳಿ ಮಾಡಿ ಆ ಕೇರಿಯನ್ನು ಮುಚ್ಚಿಸಿದರು. ನಾನು ‘ತೊರಕೆಕೇರಿ’ ಅಂತ ಬರೆದಿದ್ದೇನೆ. ಘಟ್ಟದ ಮೇಲಿನವರಿಗೆ ಅರ್ಥವಾಗುತ್ತದಾ, ಹೇಳಿ.

ಜಾಗದ ಹೆಸರಿನಲ್ಲೂ ಎರಡು ತೊಡಕು. ಗ್ಯಾಸ್‌ಲ್ಯಾಂಪ್ ಅಂದ ಕೂಡಲೇ ಅಪ್ಪನ ವಯಸ್ಸಿನವರಿಗೆ ಬರುವುದು ಮದುವೆ ದಿಬ್ಬಣದಲ್ಲಿ, ಬಯಲಾಟದಲ್ಲಿ ತಲೆ ಮೇಲೆ ಹೊತ್ತು ತರುತ್ತಿದ್ದ ಗ್ಯಾಸ್‌ಲೈಟು. ಅದು ಸೀಮೆಎಣ್ಣೆಯ ಪೆಟ್ರೊಮ್ಯಾಕ್ಸ್. ಇಲ್ಲಿಯದು ಬೀದಿ ಕಂಬದ ಅನಿಲ ದೀಪ. ಅದೂ ಈಗ ಹೆಚ್ಚಾಗಿ ಹೆಸರಿನಲ್ಲೇ, ಬೀದಿಯ ದೀಪಗಳು ಬಹುಪಾಲು ಕರೆಂಟಿನವು. ಹೆಸರನ್ನು ಹಾಗೇ ಇಟ್ಟು ಒಂದು ಸಾಲಿನ ವಿವರಣೆ ಕೊಡುತ್ತೇನೆ.

ಎರಡನೆಯದು ‘ಬ್ಲಾಕ್’. ಈ ಪ್ರದೇಶ ಹದಿನಾರೂವರೆ ಬ್ಲಾಕ್ ಅಂತ ಬರೆದರೆ ಬೆಂಗಳೂರಿನವರು ಏನು ತಿಳಿಯುತ್ತಾರೆ? ಜಯನಗರ ನಾಲ್ಕನೇ ಬ್ಲಾಕ್ ತರಹದ ಹದಿನಾರು! ಅಷ್ಟರಲ್ಲಿ ಒಂದು ಊರೇ ಆಗುತ್ತದೆ. ಇಲ್ಲಿ ಬ್ಲಾಕ್ ಅಂದರೆ ನಾಲ್ಕು ಬೀದಿಗಳ ನಡುವಿನ ಒಂದು ಚೌಕ ಅಷ್ಟೆ. ಸ್ಯಾನ್ ಡಿಯಾಗೋದ್ದು ಇನ್ನೂ ಚಿಕ್ಕದು, 200 ಅಡಿಗೆ 300 ಅಡಿ. 1867ರಲ್ಲಿ, ಊರಿನ ಈ ಭಾಗವನ್ನು ಕಟ್ಟಿಸಿದ ಅಲೊಂಜೊ ಹಾರ್ಟನ್ ಈ ಜಮೀನನ್ನು 265 ಡಾಲರಿಗೆ ಕೊಂಡ. ಚೌಕ ಚಿಕ್ಕದಾದಷ್ಟೂ ಮೂಲೆ ಸೈಟುಗಳು ಹೆಚ್ಚು. ಮೂಲೆ ಸೈಟಿಗೆ ಬೆಲೆ ಹೆಚ್ಚು. ಅದಕ್ಕೇ ಹಿತ್ತಿಲ ಓಣಿಗಳನ್ನೂ ಬಿಡದೆ ಹೀಗೆ ಪಾಲು ಮಾಡಿದ. ಇವತ್ತು ಅಲ್ಲಿ ನಡೆಯುವಾಗ ಒಂದೆರಡು ನಿಮಿಷಕ್ಕೊಂದು ಮೂಲೆ, ಮೂಲೆಗೊಂದು ಬಾಗಿಲು, ಬಾಗಿಲಿಂದ ಹಾಡು ಬರುತ್ತದಲ್ಲ, ಅದರ ಹಿಂದೆ ಈ ಲೆಕ್ಕ ಇದೆ. ನಾನು ‘ಚೌಕ’ ಅಂತ ಬರೆದಿದ್ದೇನೆ.

‘ಡೌನ್‌ಟೌನ್’ಗೆ, ಅಂದರೆ ಊರಿನ ನಡುವಿನ ವ್ಯಾಪಾರದ ಭಾಗಕ್ಕೆ, ‘ಕೆಳ ಊರು’ ಅಂತ ಒಂದು ಕಡೆ ನೋಡಿದೆ. ದಯವಿಟ್ಟು ಬೇಡ. ನ್ಯೂಯಾರ್ಕಿನಲ್ಲಿ ಮ್ಯಾನ್‌ಹಟನ್ ದ್ವೀಪದ ತೆಂಕಣ ತುದಿಯನ್ನು ‘ಕೆಳಗೆ’ ಅಂದದ್ದರಿಂದ ಬಂದ ಪದ ಅದು. ನಮ್ಮಲ್ಲಿ ಕೆಳಕೇರಿ, ಮೇಲುಕೇರಿ ಅಂದರೆ ಬೇರೆಯೇ ನೋವಿನ ಅರ್ಥ ಬರುತ್ತದೆ. ‘ಪೇಟೆ’ ಸಾಕು. ಮಲೆನಾಡಿನಲ್ಲಿ ‘ಪೇಟೆಗೆ ಹೋಗಿ ಬರ್ತೀನಿ’, ಧಾರವಾಡದ ಕಡೆ ‘ಪ್ಯಾಟಿಗೆ ಹೋಗಿ ಬರ್ತೀನಿ’ ಅಂದರೆ ಯಾರಾದರೂ ತಡಬಡಿಸುತ್ತಾರಾ?

ಹಿಸ್ಟಾರಿಕ್ ಡೌನ್‌ಟೌನ್ ಅಂದರೆ ‘ಹಳೆ ಪೇಟೆ’. ‘ಹಳೆ ಊರು’ ಅಂತ ಮಾತ್ರ ಬರೆಯುವಂತಿಲ್ಲ. ಯಾಕೆಂದರೆ ಓಲ್ಡ್ ಟೌನ್ ಅನ್ನುವುದು ಇಲ್ಲಿ ಬೇರೆಯೇ ಜಾಗ. ಅದು ಸ್ಪೇನಿನವರ, ಮೆಕ್ಸಿಕೋದವರ ಕಾಲದ್ದು. ಅದಕ್ಕೆದುರಾಗಿ ಹಾರ್ಟನ್ ಕಟ್ಟಿದ್ದನ್ನು ‘ಹೊಸ ಊರು’ ಅಂತಲೇ ಕರೆಯುತ್ತಿದ್ದರು! ಆ ಹೊಸ ಊರಿನ ಈ ಗ್ಯಾಸ್‌ಲ್ಯಾಂಪ್ ಭಾಗವೇ 1980ರಲ್ಲಿ ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿ ಸೇರಿತು. ‘ಹಳೆ ಊರು’, ‘ಹಳೆ ಪೇಟೆ’ ಅಂತ ಬೇರೆ ಮಾಡಿದರೆ ಗೊಂದಲವೇ ಇಲ್ಲ. ಬೆಂಗಳೂರಿನಲ್ಲಿ ಕೋಟೆ, ಪೇಟೆ ಅಂತ ಬೇರೆ ಇದ್ದ ಹಾಗೆ.

ನೈಟ್‌ಲೈಫ್‌ಗೆ ಪತ್ರಿಕೆಗಳಲ್ಲಿ ‘ರಾತ್ರಿ ಜೀವನ’ ಬರುತ್ತದೆ. ಕೇಳಿದರೆ ಕಾವಲುಗಾರನ ಪಾಡು ನೆನಪಾಗುತ್ತದೆ. ಇಂಥ ಜಾಗಕ್ಕೆ ‘ಇರುಳಪೇಟೆ’ ಅಂದರೆ ಹೇಗೆ? ಅಕ್ಕಿಪೇಟೆ, ಬಳೆಪೇಟೆ ಇದ್ದ ಹಾಗೆ, ಇರುಳು ಸಿಗುವ ಪೇಟೆ. ಇದು ನನಗೆ ಮನಸ್ಸಿಗೆ ಬಂದಿದೆ.

ಹ್ಯಾಪಿ ಅವರ್, ಅಂದರೆ ಬಾರ್‌ಗಳು ಸ್ವಲ್ಪ ಹೊತ್ತು ಬೆಲೆ ಇಳಿಸುವುದು, ಅದರ ಬಗ್ಗೆ ಒಂದೇ ಮಾತು. ಈ ಪದ ಮೊದಲು ಬಂದದ್ದು ಬಾರ್‌ಗಳಿಂದಲ್ಲ. 1913ರ ಆಸುಪಾಸಿನಲ್ಲಿ ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ ನಾವಿಕರಿಗೆ ಹಾಡು, ಕುಸ್ತಿ, ಸಿನಿಮಾ ಅಂತ ಇಡುತ್ತಿದ್ದ ಸಂಜೆಗಳಿಗೆ ಆ ಹೆಸರು. ಸ್ಯಾನ್ ಡಿಯಾಗೋ ನೌಕಾಪಡೆಯ ಊರು, ಹಾಗಾಗಿ ನನಗೆ ಈ ವಿಷಯ ಇಷ್ಟವಾಯಿತು. ‘ಖುಷಿ ಗಂಟೆ’ ಬೇಡ, ‘ಅಗ್ಗದ ಹೊತ್ತು’ ಅಂದರೆ ಸಾಕು. ಅಪೆಟೈಸರ್‌ಗೆ ನಮ್ಮಲ್ಲಿ ಚೆಂದದ ಮಾತು ಇದೆ, ‘ನಂಚಿಕೊಳ್ಳುವುದು’. ‘ಆಂತ್ರೇ’ ಅಂತ ಮೆನುವಿನಲ್ಲಿ ಇರುವುದನ್ನು ಮೊದಲು ಬರುವ ತಿಂಡಿ ಅಂದುಕೊಳ್ಳಬೇಡಿ, ಅಮೆರಿಕದಲ್ಲಿ ಅದೇ ಮುಖ್ಯ ಊಟ. ‘ಟ್ಯಾಬ್’ ಅಂದರೆ ಉದ್ರಿಯಲ್ಲ, ಲೆಕ್ಕ ಬರೆದಿಟ್ಟು ಏಳುವಾಗ ಕೊಡುವುದು. ‘ಲಾಸ್ಟ್ ಕಾಲ್’ಗೆ ‘ಕೊನೇ ಸುತ್ತು’ ಹೊಂದುತ್ತದೆ. ಇಲ್ಲಿ ರಾತ್ರಿ 2 ಗಂಟೆಗೆ ಮಾರಾಟ ನಿಲ್ಲಬೇಕು.

‘ಕ್ಯಾಶುಯಲ್’ ನಮ್ಮಲ್ಲಿ ಇರುವುದು ರಜೆಗೆ ಮತ್ತು ದಿನಗೂಲಿಗೆ. ಕ್ಯಾಶುಯಲ್ ಡೈನಿಂಗ್ ಅಂದರೆ ಇಂಥ ಬಟ್ಟೆಯೇ ಬೇಕು ಅಂತಿಲ್ಲ, ಆದರೆ ಮೇಜಿನ ಹತ್ತಿರ ಬಂದು ಕೇಳಿ ಬಡಿಸುತ್ತಾರೆ. ನಮ್ಮ ದರ್ಶಿನಿ ಎಷ್ಟೇ ಸಲೀಸಾದರೂ ಈ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ನಿಂತು ತಿನ್ನಬೇಕು. ಬಾರ್ ಮತ್ತು ಊಟ ಬೆರೆತ ಬಗೆಗೆ ಒಳ್ಳೆ ಉದಾಹರಣೆ ಟಿಜಿಐ ಫ್ರೈಡೇಸ್. 1965ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದಾಗ ಅದು ಮದುವೆಯಾಗದ ಹುಡುಗ ಹುಡುಗಿಯರು ಭೇಟಿಯಾಗುವ ಬಾರ್. ಆಮೇಲೆ ಅದೇ ಮನೆಮಂದಿ ಹೋಗುವ ಊಟದ ಜಾಗವಾಗಿ ಊರೂರಿಗೆ ಹರಡಿತು. ಇಂಥ ಊಟಕ್ಕೆ ನನಗೆ ಹೊಳೆದ ಪದ ‘ಸುಮ್ನೆ’. ‘ಯಾಕೆ ಹೋಗಿದ್ರಿ?’ ‘ಸುಮ್ನೆ.’ ಹಬ್ಬವಿಲ್ಲ, ಕಾರಣವಿಲ್ಲ, ಹೋಗಿ ಕೂತು ಉಂಡು ಬಂದೆವು. ಇದಕ್ಕಿಂತ ಹತ್ತಿರದ ಅರ್ಥ ಬೇರೆ ಪದದಲ್ಲಿ ನನಗೆ ಕಾಣಲಿಲ್ಲ.

ಈಗ ಮೂಲ ಪ್ರಶ್ನೆ. ನಾವು ‘ಹೋಟೆಲ್’ ಪದವನ್ನು ತಂಗುವ ಜಾಗದಿಂದ ಉಣ್ಣುವ ಜಾಗಕ್ಕೆ ತಂದವರು. ಮಿಲಿಟರಿ ಹೋಟೆಲ್ ಅಂತ ಹೊಸ ಜೋಡಿ ಕಟ್ಟಿದವರು. ಹಾಗೇ ‘ಸಂಜೆ ಹೋಟೆಲ್’ ಅನ್ನಬಹುದಾ? ಊಟ ಮುಖ್ಯ ಅನ್ನುವುದು ಹೋಟೆಲಿನಿಂದ ಬರುತ್ತದೆ, ಬೆಳಕು ಹಾಡು ಗೆಳೆತನ ಸಂಜೆಯಿಂದ. ಮಧ್ಯಾಹ್ನವೂ ತೆರೆದಿರುತ್ತವಲ್ಲ ಅಂತ ಹೆಂಡತಿ ಕೇಳಿದಳು. ಆ ಮಾತು ಸರಿಯೇ, ನನ್ನ ಹತ್ತಿರ ಉತ್ತರವಿಲ್ಲ. ಕುಡಿಯಲೆಂದೇ ಇರುವ ಜಾಗಕ್ಕೆ ‘ಬಾರ್’ ಇರಲಿ.

ಕೊಡಗಿನವರು, ಕರಾವಳಿಯವರು ಇದ್ದರೆ ವಿಶೇಷವಾಗಿ ಕೇಳುತ್ತೇನೆ. ನಿಮ್ಮಲ್ಲಿ ಮನೆಮಂದಿ ಎಲ್ಲ ಕೂತು, ಬೇಕಾದವರು ಕುಡಿದು, ಬೇಡದವರು ಬರೀ ಉಂಡು ಏಳುವ ಜಾಗಕ್ಕೋ ಕೂಟಕ್ಕೋ ನಾಚಿಕೆ ಅಂಟದ ಪದ ಇದೆಯಾ?

ಸದ್ಯಕ್ಕೆ ಅಪ್ಪ ಓದಬೇಕಾದ ಸಾಲುಗಳು ಹೀಗಿವೆ: ‘ಮೊಮ್ಮಗಳ ಜೊತೆ ಹಳೆ ಪೇಟೆಯ ಒಂದು ಸಂಜೆ ಹೋಟೆಲಿಗೆ ಸುಮ್ನೆ ಹೋಗಿದ್ದೆ. ಪಕ್ಕದ ಮೇಜಿನ ಅಜ್ಜ ಅಜ್ಜಿ ಬಿಯರ್ ಕುಡಿಯುತ್ತಿದ್ದರು. ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ.’ ಇದನ್ನು ಕಟ್ಟೆಯಲ್ಲಿ ಜೋರಾಗಿ ಓದಿದರೆ ‘ಸಂಜೆ ಹೋಟೆಲ್’ ಅನ್ನುವಲ್ಲಿ ಕೇಳುವವರು ತಡೆದು ‘ಹಾಂ?’ ಅನ್ನುತ್ತಾರಾ? ಅಪ್ಪ ಭಾನುವಾರ ಫೋನ್ ಮಾಡುತ್ತಾರೆ. ಅಷ್ಟರೊಳಗೆ ತಿಳಿಸಿದರೆ ತುಂಬ ಸಹಾಯವಾಗುತ್ತದೆ.