ಆಕ್ಸಿಡೇಟಿವ್ ಸ್ಟ್ರೆಸ್‌ಗೆ ‘ಉತ್ಕರ್ಷಣ ಒತ್ತಡ’ ಸರಿಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮಲೇರಿಯಾ ರೋಗಿಗಳಿಗೆ ಕೊಡುವ ಒಂದು ಕನ್ನಡ ಕೈಪಿಡಿಯನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಈ ವಾಕ್ಯವಿದೆ: ‘ಜಿ6ಪಿಡಿ ಕೊರತೆಯುಳ್ಳವರಲ್ಲಿ ಪ್ರೈಮಾಕ್ವಿನ್ ಸೇವನೆಯಿಂದ ಉತ್ಕರ್ಷಣ ಒತ್ತಡ ಉಂಟಾಗಿ ರಕ್ತಲಯನ ಸಂಭವಿಸಬಹುದು.’ (ಜಿ6ಪಿಡಿ ಎಂದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ, ಪ್ರೈಮಾಕ್ವಿನ್ ಮಲೇರಿಯಾದ ಮಾತ್ರೆ, ರಕ್ತಲಯನವೆಂದರೆ ಕೆಂಪು ರಕ್ತಕಣ ಒಡೆಯುವುದು.) ಮುಂದಿನ ಪುಟದಲ್ಲಿ ಆಂಟಿಆಕ್ಸಿಡೆಂಟ್‌ಗೆ ‘ಉತ್ಕರ್ಷಣ ನಿರೋಧಕ’ ಎಂದಿದೆ. ಶಾಲೆಯಲ್ಲಿ ಉತ್ಕರ್ಷಣ (ಆಕ್ಸಿಡೇಶನ್), ಅಪಕರ್ಷಣ (ರಿಡಕ್ಷನ್) ಓದಿದವರು ಇದನ್ನು ಒಪ್ಪಿಯಾರು. ಆದರೆ ಕೈಪಿಡಿ ಹೋಗುವುದು ಜ್ವರ ಬಂದವರ ಮನೆಗೆ. ಅಲ್ಲಿ ಒತ್ತಡವೆಂದರೆ ಒಂದೋ ರಕ್ತದೊತ್ತಡ, ಇಲ್ಲವೇ ಕೆಲಸದ ಒತ್ತಡ.

ಎಚ್ಚರಿಕೆಯ ವಾಕ್ಯವನ್ನು ನಾನು ಆಗಲೇ ಬದಲಿಸಿದ್ದೇನೆ: ‘ಜಿ6ಪಿಡಿ ಕಡಿಮೆ ಇರುವವರು ಪ್ರೈಮಾಕ್ವಿನ್ ನುಂಗಿದರೆ ಕೆಂಪು ರಕ್ತಕಣಗಳು ಒಡೆಯಬಹುದು. ಮೂತ್ರ ಕಪ್ಪಗೆ ಹೋದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬನ್ನಿ.’ ಇಲ್ಲಿ ಪಾರಿಭಾಷಿಕ ಪದವೇ ಬೇಡ. ಆದರೆ ಹೀಗೇಕಾಗುತ್ತದೆ ಎಂದು ವಿವರಿಸುವ ಪುಟಕ್ಕೆ ಪದ ಬೇಕೇ ಬೇಕು. ನನ್ನ ಪ್ರಶ್ನೆ ಆ ಪುಟದ್ದು.

ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ಪರಿಕಲ್ಪನೆಗೆ 1985ರಲ್ಲಿ ಖಚಿತ ರೂಪ ಕೊಟ್ಟವರು ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್. ಉತ್ಕರ್ಷಕಗಳಿಗೂ (ಉತ್ಕರ್ಷಣ ಉಂಟುಮಾಡುವ ವಸ್ತುಗಳಿಗೂ) ಅವನ್ನು ತಣಿಸುವ ವಸ್ತುಗಳಿಗೂ ನಡುವಿನ ಸಮತೋಲ ಕೆಟ್ಟು, ಉತ್ಕರ್ಷಕಗಳ ಕೈ ಮೇಲಾಗುವುದು ಎಂಬುದು ಅದರ ಹುರುಳು. ‘ಒತ್ತಡ’ದಲ್ಲಿ ಈ ಏರುಪೇರಿನ ಸುಳಿವೇ ಇಲ್ಲ.

‘ನಿರೋಧಕ’ ನನಗೆ ಇನ್ನೂ ಹೆಚ್ಚು ತೊಡಕೆನಿಸುತ್ತದೆ. ಉಸಿರಾಡಿದ ಆಮ್ಲಜನಕದಲ್ಲಿ ಸ್ವಲ್ಪ ಭಾಗ ಜೀವಕೋಶದ ಶಕ್ತಿ ಘಟಕವಾದ ಮೈಟೊಕಾಂಡ್ರಿಯಾದಲ್ಲಿ ಉತ್ಕರ್ಷಕವಾದ ಸೂಪರ್‌ಆಕ್ಸೈಡ್ ಆಗುತ್ತದೆ. ಒಂದು ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಕ್ಯಾಟಲೇಸ್ ಎಂಬ ಕಿಣ್ವ ಮತ್ತು ಉತ್ಕರ್ಷಕಗಳನ್ನು ತಣಿಸುವ ಗ್ಲುಟಥಯೋನ್ ಎಂಬ ವಸ್ತುವನ್ನು ಬಳಸುವ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ಬುಸುಬುಸು ನೊರೆ ಏಳುವುದು ಈ ಕ್ಯಾಟಲೇಸಿನಿಂದಲೇ. ಇಷ್ಟಾದರೂ ದೇಹಕ್ಕೆ ಉತ್ಕರ್ಷಕಗಳು ಶತ್ರುಗಳಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಅವನ್ನು ಬೇಕೆಂದೇ ತಯಾರಿಸುತ್ತವೆ. ಅದಕ್ಕೆ ಬೇಕಾದ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಿಗೆ ಮೇಲಿಂದ ಮೇಲೆ ತೀವ್ರ ಸೋಂಕು ತಗಲುತ್ತದೆ.

ಕೆಂಪು ಕಣದ ಸ್ಥಿತಿ ಬೇರೆ. ಅದಕ್ಕೆ ಮೈಟೊಕಾಂಡ್ರಿಯಾವೇ ಇಲ್ಲ. ಖರ್ಚಾದ ಗ್ಲುಟಥಯೋನ್ ಮತ್ತೆ ಕೆಲಸಕ್ಕೆ ಬರಬೇಕಾದರೆ ಕೆಂಪು ಕಣ ಜಿ6ಪಿಡಿಯನ್ನೇ ನಂಬಿಕೊಂಡಿರಬೇಕು. ಆ ಕಿಣ್ವ ಕಡಿಮೆಯಿದ್ದಾಗ ಪ್ರೈಮಾಕ್ವಿನ್ ಬಿದ್ದರೆ ಹಿಮೋಗ್ಲೋಬಿನ್ ಕೆಡುತ್ತದೆ, ಕಣ ಒಡೆಯುತ್ತದೆ. ಮಂಗಳೂರಿನಂಥ ಕಡೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾಗೆ 14 ದಿನ ಈ ಮಾತ್ರೆ ಕೊಡುವುದರಿಂದ ಇದು ಪುಸ್ತಕದ ಮಾತಲ್ಲ.

‘ನಿರೋಧಕ’ ಎಂದೊಡನೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಬರುತ್ತದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸುಮಾರು ಶೇ. 18ರಷ್ಟು ಹೆಚ್ಚಾಗಿತ್ತು, ಕಡಿಮೆಯಾಗಿರಲಿಲ್ಲ. ಹಣ್ಣು ತರಕಾರಿ ತಿನ್ನುವುದಕ್ಕೂ ಅದರೊಳಗಿನ ಒಂದು ವಸ್ತುವನ್ನು ಮಾತ್ರೆಯಾಗಿ ನುಂಗುವುದಕ್ಕೂ ಅಷ್ಟು ವ್ಯತ್ಯಾಸವಿದೆ. ನಾವು ಆಯುವ ಪದ ಓದುಗರನ್ನು ಮಾತ್ರೆಯ ಕಡೆ ನೂಕಬಾರದು.

ಇನ್ನು ‘ಉತ್ಕರ್ಷಣ’. ‘ಉತ್ಕರ್ಷ’ಕ್ಕೆ ಏಳಿಗೆ ಎಂಬ ಅರ್ಥವಿರುವುದರಿಂದ ಇದೂ ಇರುಸುಮುರುಸೇ. ಆದರೂ ಇದನ್ನು ಬಿಡುವುದು ಬೇಡವೆನ್ನುತ್ತೇನೆ. ‘ಆಮ್ಲಜನಕ’ ಎಂಬ ಹೆಸರೂ ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲ ಎಂದು ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೇ (Lavoisier) ನಂಬಿದ್ದರ ಫಲ. ನಂಬಿಕೆ ಬಿದ್ದುಹೋಯಿತು, ಹೆಸರು ನಿಂತಿತು. ಉತ್ಕರ್ಷಣಕ್ಕೆ ಆಡುಮಾತು ಹುಡುಕಿದರೆ, ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತಾಮ್ರಕ್ಕೆ ಕಿಲುಬು, ಹಳೆಯ ಎಣ್ಣೆ ಕೊಬ್ಬರಿಗೆ ಕಮಟು ವಾಸನೆ. ಮೂರೂ ಸೊಗಸಾದ ಮಾತುಗಳೇ. ಆದರೆ ಒಂದೊಂದೂ ತನ್ನ ವಸ್ತುವಿಗೇ ಅಂಟಿಕೊಂಡಿದೆ, ರಕ್ತಕಣಕ್ಕೆ ಹೊಂದುವುದಿಲ್ಲ.

ಸದ್ಯಕ್ಕೆ ನನಗೆ ತೋಚಿರುವುದು, ಸ್ಟ್ರೆಸ್‌ಗೆ ‘ಉತ್ಕರ್ಷಣದ ಮೇಲುಗೈ’, ಆಂಟಿಆಕ್ಸಿಡೆಂಟ್‌ಗೆ ‘ಉತ್ಕರ್ಷಣ ಶಾಮಕ’. ಅಗ್ನಿಶಾಮಕ ಎಲ್ಲರಿಗೂ ಗೊತ್ತು. ಆ ದಳ ಹತೋಟಿ ಮೀರಿದ ಬೆಂಕಿಗೆ ಬರುತ್ತದೆಯೇ ಹೊರತು ಒಲೆ ಆರಿಸಲು ಬರುವುದಿಲ್ಲ. ಈ ಅರ್ಥ ಕೇಳುವವರಿಗೆ ಹೊಳೆಯುತ್ತದೆಯೇ, ಅಥವಾ ‘ಶಾಮಕ’ವೂ ಪೂರ್ತಿ ಆರಿಸಿಬಿಡುವುದೆಂದೇ ಕೇಳಿಸುತ್ತದೆಯೇ? ‘ಮೇಲುಗೈ’ ಶೀರ್ಷಿಕೆಯಲ್ಲಿ ನಿಲ್ಲುತ್ತದೆಯೇ? ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ರೋಗಿಯೊಡನೆ ಮಾತಾಡುವಾಗ ಇದಕ್ಕೆ ಬಳಸುವ ಮಾತು ನಿಮ್ಮ ಕಿವಿಗೆ ಬಿದ್ದಿದ್ದರೆ, ಅದು ಎಷ್ಟೇ ಗ್ರಾಮ್ಯವಾಗಿರಲಿ, ಊರಿನ ಹೆಸರಿನೊಡನೆ ದಯವಿಟ್ಟು ಬರೆಯಿರಿ.